ಅಳತೆಗೆ ಕೊಟ್ಟ ಬ್ಲೌಸು

ಪರ್ ಎಂದು ಸದ್ದಾಗುತ್ತಲೇ ರಾಧಾ ಎತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿಬಿಟ್ಟಳು. ಬಲಗಂಕುಳಲ್ಲಿ ಫ್ರಾಕಿನ ಹೊಲಿಗೆ ಬಿಟ್ಟುಕೊಂಡಿತ್ತು. ಅವಳ ಬೆರಳು ಹಿಡಿದು ತಿರುಗಿಸಲು ಹೊರಟಿದ್ದ ಗಂಡ ಉಮಾಶಂಕರ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

ಟೈಲರ್ ಚಿಕ್ಕಬಸಮ್ಮನ ಜೀವ ಬಾಯಿಗೆ ಬಂತು. ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಈ ಪುಟ್ಟ ಅಂಗಡಿಯಲ್ಲಿ ಅವಳು ಹೊಲಿದ ಬ್ಲೌಸುಗಳಿಗೆ ಲೆಕ್ಕವಿಲ್ಲ; ಕುಣಿಯುವುದಕ್ಕೆಂದು ಫ್ರಾಕು ಹೊಲಿದದ್ದು ಇದೇ ಮೊದಲು. ಬಟ್ಟೆಯೋ, ತೀರಿಹೋದ ರಾಧಾಳ ತಾಯಿಯ ಸೀರೆ. ಹಸಿರಿನ ಮೇಲೆ ಬಿಳಿ ಬೊಟ್ಟು. ಕೆಟ್ಟರೆ ಇನ್ನೊಂದು ತರುತ್ತೇನೆ ಅನ್ನುವ ಹಾಗಿಲ್ಲ.

ರಾಧಾ ಆಸ್ಪತ್ರೆಯಲ್ಲಿ ನರ್ಸು. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಗಂಡನನ್ನು ಪ್ರತಿ ಭಾನುವಾರ ಮೈಸೂರಿಗೆ ಎಳೆದುಕೊಂಡು ಹೋಗಿ ಸ್ವಿಂಗ್ ಡ್ಯಾನ್ಸ್ ಕಲಿಯುತ್ತಿದ್ದಳು. ಹಳೇ ಕಾಲದ ವಿದೇಶಿ ಕುಣಿತ. ಗಂಡು ಹೆಣ್ಣು ಕೈ ಹಿಡಿದು ಗಿರ್ರನೆ ತಿರುಗುವುದು. ಇವತ್ತು ಸಂಜೆ ಅಲ್ಲಿ ಕಾರ್ಯಕ್ರಮ. ಫೋನಿನಲ್ಲಿ ಅವಳು ತೋರಿಸಿದ್ದ ಹಳೇ ಫೋಟೋದಂತೆಯೇ ಚಿಕ್ಕಬಸಮ್ಮ ಸೊಂಟಕ್ಕೆ ಬಿಗಿಯಾಗಿ, ಕೆಳಗೆ ಕೊಡೆಯಂತೆ ಅರಳುವ ಅಂಬ್ರೆಲಾ ಬಿಟ್ಟು ಹೊಲಿದಿದ್ದಳು. ಆ ಅಂಬ್ರೆಲಾ ಇಡೀ ಸೀರೆಯನ್ನು ನುಂಗಿ ನೀರು ಕುಡಿದಿತ್ತು. ಸಾಲದ್ದಕ್ಕೆ ಒಳಸೆರಗಿನ ಮೂಲೆಯಲ್ಲಿ ಯಾರೋ ಮೊದಲೇ ತುಂಡು ಕತ್ತರಿಸಿಕೊಂಡಿದ್ದರು. ಬಟ್ಟೆ ಹೊಂದಿಸಲು ಒದ್ದಾಡುತ್ತ ಅವರಿಗೆ ಚೆನ್ನಾಗಿ ಬೈದುಕೊಂಡಿದ್ದಳು.

ಕೈ ಇಳಿಬಿಟ್ಟಾಗ ಫ್ರಾಕು ಹೇಳಿ ಮಾಡಿಸಿದಂತೆ ಕೂತಿತ್ತು. ಎತ್ತಿದಾಗಲೇ ತಕರಾರು.

"ಅಳ್ತೆ ಬ್ಲೌಸ್ ಎಂಗಿತ್ತೋ ಅಂಗೇ ಕತ್ತರ್ಸಿವ್ನಿ ಕಣವ್ವ," ಎಂದಳು ಚಿಕ್ಕಬಸಮ್ಮ. "ಬಿಚ್ಚಿ ಅಗ್ಲ ಮಾಡಾನ ಅಂದ್ರೆ ಒಂದು ಚೂರೂ ಉಳ್ದಿಲ್ಲ. ಕೆಡಿಸ್ಬುಟ್ನಲ್ಲಪ್ಪಾ."

"ಚೂಡಿದಾರ್ ಆಕ್ಕೊಂಡೇ ಕುಣಿಯಾನ ಬುಡು," ಎಂದ ಉಮಾಶಂಕರ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ರಾಧಾ ಕಂಕುಳನ್ನು ಮುಟ್ಟಿ ನೋಡಿಕೊಂಡಳು. "ಅಮ್ಮನ ಬ್ಲೌಸ್ ನಂಗೆ ಕರೆಕ್ಟಾಗಿ ಆಗುತ್ತೆ ಅಂತಾನೇ ಅಳತೆಗೆ ಕೊಟ್ಟೆ ಬಸಮ್ಮಕ್ಕ. ಅದನ್ನ ಹಾಕ್ಕೊಂಡು ಎಷ್ಟು ಕೈ ಎತ್ತಿದ್ರೂ ಏನೂ ಆಗಲ್ಲ."

"ಏನೂ ಆಗಕಿಲ್ವಾ?"

ಚಿಕ್ಕಬಸಮ್ಮ ಮೇಜಿನ ಮೇಲಿದ್ದ ಹಸಿರು ಬ್ಲೌಸನ್ನು ಎಳೆದುಕೊಂಡಳು. ಅಳತೆ ಬ್ಲೌಸನ್ನು ಮಡಿಸಿ ಮೇಜಿನ ಮೇಲೆ ಹಾಸಿ ಟೇಪು ಹಿಡಿಯುವುದು ಅವಳ ಅಭ್ಯಾಸ. ಕಂಕುಳೊಳಗೆ ಇಣುಕಿ ನೋಡುವ ಸಂದರ್ಭವೇ ಬಂದಿರಲಿಲ್ಲ. ಈಗ ತೋಳಿನೊಳಗೆ ಕೈ ತೂರಿಸಿ ಒಳಮಗ್ಗುಲು ಹೊರಗೆ ಮಾಡಿದಳು. ಮಡಿಕೆಯಲ್ಲಿ ಅಡಗಿ ಕೂತಿತ್ತು, ನಾಲ್ಕು ಬೆರಳಗಲದ ಚೌಕದ ತುಂಡು. ಹಸಿರಿನ ಮೇಲೆ ಬಿಳಿ ಬೊಟ್ಟು. ಇನ್ನೊಂದು ತೋಳಿನಲ್ಲೂ ಅಂಥದೇ. ಎರಡಕ್ಕೂ ಕೈಹೊಲಿಗೆ ಹಾಕಿತ್ತು.

"ಅಯ್ಯೋ, ಇದೇ ಸೀರೆ ತುಂಡು ಕಣವ್ವ! ಒಳಸೆರಗಲ್ಲಿ ಕತ್ತರ್ಸ್ಕೊಂಡು, ಕೈ ಎತ್ತುದ್ರೆ ಬಿಗೀದಂಗೆ ಇಲ್ಲಿ ಸೇರ್ಸವ್ರೆ. ಪುಣ್ಯಾತ್ಗಿತ್ತಿನ ನಾನು ಬಾಯಿಗೆ ಬಂದಂಗೆ ಬೈದುಬುಟ್ಟೆ!"

ರಾಧಾ ಬಗ್ಗಿ ನೋಡಿದಳು. ಇಷ್ಟು ವರ್ಷ ಆ ಬ್ಲೌಸನ್ನು ಹಾಕಿಕೊಂಡಿದ್ದರೂ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. "ಅಮ್ಮ ನಾಲೆ ಏರಿಯಿಂದ ಹುಲ್ಲಿನ ಹೊರೆ ಹೊತ್ಕೊಂಡು ಬರೋಳು," ಎಂದಳು ಮೆಲ್ಲಗೆ. "ಮನೆ ಮುಟ್ಟೋವರ್ಗೂ ಎರಡು ಕೈನೂ ತಲೆ ಮೇಲೇ."

ಫ್ರಾಕನ್ನು ಉಳಿಸುವ ದಾರಿ ಮೂವರಿಗೂ ಹೊಳೆದಿತ್ತು. ಆ ತುಂಡುಗಳನ್ನು ಬಿಚ್ಚಿ ಫ್ರಾಕಿಗೆ ಹಾಕುವುದು. ಚಿಕ್ಕಬಸಮ್ಮ ಬ್ಲೇಡು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು.

"ಅತ್ತೆ ಕೈಹೊಲಿಗೆ," ಎಂದ ಉಮಾಶಂಕರ. "ಬ್ಯಾಡ ಬುಡು ರಾಧಾ."

ರಾಧಾ ಹೆಬ್ಬೆರಳಿನಿಂದ ಆ ಹೊಲಿಗೆಯನ್ನು ಸವರಿದಳು. ಅಂಕುಡೊಂಕು ಹೊಲಿಗೆ, ಅವಸರದ್ದು. ದನಕ್ಕೆ ಹುಲ್ಲು ತರುವ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹಾಕಿದ್ದಿರಬೇಕು. ಅವಳ ಕಣ್ಣಲ್ಲಿ ನೀರಾಡಿತು, ಜೊತೆಗೇ ನಗುವೂ ಬಂತು.

"ಬಿಚ್ಚಿ ಬಸಮ್ಮಕ್ಕ. ಕೈ ಎತ್ತೋಕೆ ಅಂತ ತಾನೇ ಹಾಕಿದ್ದು?"

ಚಿಕ್ಕಬಸಮ್ಮ ಒಂದೊಂದೇ ಎಳೆ ಬಿಚ್ಚಿದಳು. ರಾಧಾ ಕಳಚಿಕೊಟ್ಟ ಫ್ರಾಕಿನ ಎಡಗಂಕುಳನ್ನೂ ಬಿಚ್ಚಿ ಎರಡು ಕಡೆಯೂ ತುಂಡು ಕೂರಿಸಿದಳು. ಬೊಟ್ಟು ಬೊಟ್ಟಿಗೆ ಸೇರಿ ಹೊಲಿಗೆ ಎಲ್ಲಿದೆ ಎಂದು ಹುಡುಕುವಂತಾಯಿತು. ರಾಧಾ ಪರದೆಯ ಹಿಂದೆ ಹೋಗಿ ತೊಟ್ಟು ಬಂದಳು. ಉಮಾಶಂಕರ ಅಂಜುತ್ತಲೇ ಅವಳ ಕೈ ಹಿಡಿದ. ಕೈ ಮೇಲೆದ್ದಿತು, ಭುಜ ದಾಟಿತು, ಕಿವಿ ದಾಟಿ ನೆಟ್ಟಗೆ ನಿಂತಿತು. ಫ್ರಾಕು ಅಲುಗಲಿಲ್ಲ. ರಾಧಾ ಒಂದು ಸುತ್ತು ತಿರುಗಿದ್ದೇ ತಡ, ಅಂಬ್ರೆಲಾ ಅರಳಿ ನೂಲಿನ ಉಂಡೆಗಳನ್ನೆಲ್ಲ ಮೇಜಿನಿಂದ ಕೆಡವಿತು.

"ಕುಣೀರವ್ವ, ಕುಣೀರಿ," ಎನ್ನುತ್ತ ಚಿಕ್ಕಬಸಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ಎದೆಯ ಮೇಲಿದ್ದ ಕಲ್ಲುಚಪ್ಪಡಿ ಇಳಿಸಿದಷ್ಟು ಹಗುರವಾಗಿತ್ತು.

"ಈ ಬ್ಲೌಸ್‌ಗೆ ಬೇರೆ ತುಂಡು ಹಾಕಿಡಿ ಅಕ್ಕ, ಅವಸರ ಏನಿಲ್ಲ," ಎಂದು ಹೇಳಿ ರಾಧಾ ಗಂಡನೊಂದಿಗೆ ಮೈಸೂರಿನ ಬಸ್ಸು ಹಿಡಿಯಲು ಓಡಿದಳು.

ಸಂಜೆ ಅಂಗಡಿ ಮುಚ್ಚುವಾಗ ಚಿಕ್ಕಬಸಮ್ಮ ಎಂದಿನಂತೆ ಷಟರ್ ಎಳೆಯುವ ಕೊಂಡಿಕೋಲಿಗೆ ಕೈಹಾಕಿದಳು. ತಾನು ಕುಳ್ಳಿ, ಷಟರ್ ಎಟುಕುವುದಿಲ್ಲ ಎಂದೇ ಆ ಕೋಲನ್ನು ಮಾಡಿಸಿಕೊಂಡಿದ್ದಳು. ಇವತ್ತು ಏನನ್ನಿಸಿತೋ, ಕೋಲು ಬಿಟ್ಟು ಬರಿಗೈ ಎತ್ತಿದಳು. ಅವಳೇ ಹೊಲಿದುಕೊಂಡಿದ್ದ ಬ್ಲೌಸು ಕಂಕುಳಲ್ಲಿ ಗಪ್ಪನೆ ಹಿಡಿದುಕೊಂಡಿತು. ಷಟರಿನ ಅಂಚು ಇನ್ನು ಗೇಣು ದೂರವೂ ಇರಲಿಲ್ಲ; ಬ್ಲೌಸು ಬಿಟ್ಟಿದ್ದರೆ ಎಟುಕುತ್ತಿತ್ತು.

ಅವಳು ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ದೀಪ ಹಾಕಿ, ಚೂರುಪಾರು ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಸುರಿದು, ತನ್ನ ಬ್ಲೌಸಿನ ಬಣ್ಣಕ್ಕೆ ಹೊಂದುವ ತುಂಡು ಹುಡುಕುತ್ತ ಕೂತಳು.