ಅಡ್ಡಗಾಳಿಗೆ ಬೆನ್ನು ಕೊಟ್ಟವಳು

ನಿವೆಸ್ ಟೆನಿಸ್‌ನಲ್ಲಿ ಪ್ರಪಂಚಕ್ಕೇ ಹತ್ತೊಂಬತ್ತನೆಯವಳಾದ ವರ್ಷ ಲುಚಿತ್ಸ ಊರಿಗೆ ಊರೇ ಬಂದರಿನ ಕಟ್ಟೆಯ ಮೇಲೆ ಕುಣಿಯಿತು. ಅವಳ ಅಮ್ಮ ಪಿಯೆರಿನಾ ಮಾತ್ರ ಕುಣಿಯಲಿಲ್ಲ.

"ಹತ್ತೊಂಬತ್ತನೆಯವಳಾದ್ಲು, ಸಂತೋಷ. ಆದ್ರೆ ಕುತ್ತಿಗೆ ನೋಡಿದ್ರಾ? ಬಲಗಡೆ ತಿರುಗ್ತಾನೇ ಇಲ್ಲ" ಎಂದಳು.

ಮಗಳ ಸಾಧನೆಗಳನ್ನು ಪತ್ರಿಕೆಯವರು ಒಂದು ರೀತಿ ಬರೆದಿಟ್ಟಿದ್ದರು, ಪಿಯೆರಿನಾ ಇನ್ನೊಂದು ರೀತಿ ನೆನಪಿಟ್ಟಿದ್ದಳು. ಪಲೆರ್ಮೊದಲ್ಲಿ ಗೆದ್ದ ಟ್ರೋಫಿ ಅವಳ ಪಾಲಿಗೆ ಸೊಂಟ ಹಿಡಿದ ಕಪ್ಪು. ರಬಾತ್‌ನಲ್ಲಿ ಗೆದ್ದದ್ದು ಕಿವಿನೋವಿನ ಕಪ್ಪು. ಪ್ಯಾರಿಸ್ಸಿನಲ್ಲಿ ಜೋಡಿ ಆಟದ ಫೈನಲ್ ತಲುಪಿದ್ದು ಕಿಡ್ನಿಗೆ ಥಂಡಿ ಇಳಿದ ವರ್ಷ. ದೇಶದ ತಂಡ ಸೋಲುವ ಹೊತ್ತಿನಲ್ಲಿ ನಿವೆಸ್ ಒಬ್ಬಳೇ ಎರಡು ಪಂದ್ಯ ಗೆದ್ದು ಮಾನ ಉಳಿಸಿದಾಗ ಮಂತ್ರಿಗಳೊಬ್ಬರು ಮನೆಗೇ ಫೋನ್ ಮಾಡಿ ಇಂಥ ಮಗಳನ್ನು ಹೆತ್ತ ತಾಯಿ ಧನ್ಯ ಎಂದರು. ಧನ್ಯಳಾದ ತಾಯಿ ಕೇಳಿದ್ದು ಇಷ್ಟೆ: "ಬೆವರಿದ ಬನಿಯನ್ ಬದಲಾಯಿಸಿದ್ಲಾ? ಸ್ವಲ್ಪ ವಿಚಾರಿಸಿ ಹೇಳಿ."

ಈ ಎಲ್ಲ ಕಾಯಿಲೆಗೂ ಮೂಲ ಒಂದೇ, ಅಡ್ಡಗಾಳಿ. ಎದುರುಬದುರು ಎರಡು ಕಿಂಡಿ ತೆರೆದರೆ ನಡುವೆ ಕಳ್ಳನ ಹಾಗೆ ನುಗ್ಗುತ್ತದಲ್ಲ, ಅದು. ಆ ಕರಾವಳಿಯ ಜನ ಕಡಲಿಗೆ ಹೆದರುವುದಿಲ್ಲ, ಯುದ್ಧಕ್ಕೆ ಹೆದರಲಿಲ್ಲ, ತೆರಿಗೆಯವರಿಗಂತೂ ಹೆದರುವ ಪ್ರಶ್ನೆಯೇ ಇಲ್ಲ. ಆದರೆ ಆಗಸ್ಟಿನ ಬೇಗೆಯಲ್ಲಿ ಬೇಯುತ್ತಿರುವ ಬಸ್ಸಿನಲ್ಲಿ ಯಾರಾದರೂ ಎರಡನೆಯ ಕಿಟಕಿ ತೆರೆದರೆ, ಡ್ರೈವರನೂ ಸೇರಿ ಎಲ್ಲರೂ ಎದ್ದು ಅದನ್ನು ಮುಚ್ಚಿ ಪ್ರಾಣ ಉಳಿಸಿಕೊಳ್ಳುತ್ತಾರೆ.

ಆದ್ದರಿಂದ ಪಿಯೆರಿನಾ ಮಗಳ ಒಂದೇ ಒಂದು ಆಟವನ್ನೂ ಎದುರಿಗೆ ಕೂತು ನೋಡಿರಲಿಲ್ಲ. ಕ್ರೀಡಾಂಗಣ ಅಂದರೇನು? ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಮೇಲೆ ಸೂರಿಲ್ಲ. ಅದು ಆಟದ ಬಯಲಲ್ಲ, ಅಡ್ಡಗಾಳಿಯ ಅಡ್ಡೆ.

ಊರೂರು ಗೆದ್ದ ನಿವೆಸ್ ತನ್ನೂರಿನ ಕಪ್ಪನ್ನು ಮಾತ್ರ ಗೆದ್ದಿರಲಿಲ್ಲ. ಲುಚಿತ್ಸದ ಹಳೆಯ ಉಪ್ಪಿನ ಗೋದಾಮಿನ ಅಂಗಳದಲ್ಲಿ, ಎತ್ತರದ ಕಲ್ಲುಗೋಡೆಗಳ ನಡುವೆ, ಕೆಮ್ಮಣ್ಣಿನ ಅಂಕಣದ ಮೇಲೆ ಪ್ರತಿ ಸೆಪ್ಟೆಂಬರಿನಲ್ಲೂ ಪಂದ್ಯಾವಳಿ ನಡೆಯುತ್ತಿತ್ತು. ಮೂರು ಸಲ ಫೈನಲ್‌ಗೆ ಬಂದು ಮೂರು ಸಲವೂ ಸೋತಿದ್ದಳು. ಸೋತವರಿಗೆ ಕೊಡುವ ಬೆಳ್ಳಿ ತಟ್ಟೆಗಳಲ್ಲಿ ಪಿಯೆರಿನಾ ಹುರಿದ ಬೂತಾಯಿ ಮೀನು ಬಡಿಸುತ್ತಿದ್ದಳು. ಬಂದರಿನ ಕಾಫಿ ಅಂಗಡಿಯ ಯೆಲ್ಕಾಗೆ ಇಷ್ಟು ಸಾಕಾಗಿತ್ತು. ಒಂದು ಕಾಫಿ ತೆಗೆದುಕೊಂಡು ಮಧ್ಯಾಹ್ನದವರೆಗೆ ಕೂರುವ ಗಿರಾಕಿಗಳಿಗೆಲ್ಲ ಅವಳು ಸಕ್ಕರೆಯ ಜೊತೆ ಒಂದು ಚುಚ್ಚುಮಾತನ್ನೂ ಕೊಡುತ್ತಿದ್ದಳು: "ಲೋಕಕ್ಕೆಲ್ಲ ಖಾರ ಅರೆದೋಳು, ಉಪ್ಪಿನ ಅಂಗಳದಲ್ಲಿ ಮಾತ್ರ ಸಪ್ಪೆ!"

ಈಗ ನಿವೆಸ್‌ಗೆ ಮೂವತ್ತನಾಲ್ಕು. ಈ ಪಂದ್ಯಾವಳಿ ಮುಗಿದರೆ ರ‍್ಯಾಕೆಟ್ಟು ಮೊಳೆಗೆ ಎಂದು ಅವಳೇ ಸಾರಿದ್ದಳು. ನಾಲ್ಕನೆಯ ಸಲ ಫೈನಲ್‌ಗೆ ಬಂದಿದ್ದಳು. ಐದನೆಯದು ಇರಲಿಲ್ಲ.

ಫೈನಲ್‌ನ ಬೆಳಿಗ್ಗೆ ಅಡುಗೆಮನೆಯಲ್ಲಿ ಸೂಪು ಕುಡಿಯುತ್ತ ಅವಳು ಹೇಳಿದಳು, "ಅಮ್ಮಾ, ಇವತ್ತು ಬಾ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಅಂಗಳಕ್ಕೆ. ಕೊನೇ ಆಟ ಕಣಮ್ಮ."

"ಬೆಟ್ಟದ ಕಡೆಯಿಂದ ಬುರಾ ಗಾಳಿ ಬೀಸ್ತಿದೆ. ಹೆಂಚು ಹಾರೋ ಸದ್ದು ಕೇಳಿಸ್ತಿಲ್ವಾ?"

"ಬೀಸ್ಲಿ ಬಿಡು. ಅದು ನನ್ನ ಗಾಳಿ."

"ಗಾಳಿ ಯಾರಪ್ಪಂದೂ ಅಲ್ಲ. ಉಣ್ಣೆ ಬನಿಯನ್ ಹಾಕ್ಕೋತೀಯಾ?"

"ನೀನು ಬಂದ್ರೆ ಹಾಕ್ಕೋತೀನಿ."

ವ್ಯಾಪಾರ ಕುದುರಿತು.

ಪಿಯೆರಿನಾ ಎರಡು ಶಾಲು, ಒಂದು ದಿಂಬು ಹೊತ್ತು ಅಂಗಳಕ್ಕೆ ಬಂದಾಗ ಮೊದಲ ಸೆಟ್ಟಿನ ಕೊನೆಯ ಗೇಮ್ ನಡೆಯುತ್ತಿತ್ತು. ಎದುರಾಳಿ ಎಲಿಷ್ಕಾ, ಚೆಕ್ ದೇಶದ ಹುಡುಗಿ. ಇಪ್ಪತ್ತೂ ತುಂಬಿಲ್ಲ, ಎತ್ತರ ನೋಡಿದರೆ ದೀಪಸ್ತಂಭ. ಅವಳು ಸರ್ವ್‌ಗೆಂದು ಮೇಲೆಸೆದ ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ಸರಿದು ಅವಳ ರ‍್ಯಾಕೆಟ್ಟಿಗೇ ಚಳ್ಳೆಹಣ್ಣು ತಿನ್ನಿಸುತ್ತಿತ್ತು. ನಿವೆಸ್ ಎತ್ತಿ ಹೊಡೆದ ಚೆಂಡು ಮಾತ್ರ ಅರ್ಧದಾರಿಯಲ್ಲಿ ನಿಂತು, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸಿ, ಆಮೇಲೆ ಬೇಕಾದ ಕಡೆಯೇ ಬೀಳುತ್ತಿತ್ತು. ಮೊದಲ ಸೆಟ್ ನಿವೆಸ್‌ಗೆ. ಊರು ಎದ್ದು ನಿಂತು ಕೂಗಿತು.

ಪಿಯೆರಿನಾಗೆ ಸಿಕ್ಕಿದ್ದು ಕೊನೆಯ ಸಾಲಿನ ಮೂಲೆ, ಬೆಟ್ಟದ ಬಾಗಿಲ ಪಕ್ಕ. ದೊಡ್ಡ ಮರದ ಬಾಗಿಲು, ಹಗ್ಗ ಕಟ್ಟಿ ಪೂರ್ತಿ ತೆರೆದಿಟ್ಟಿದ್ದರು. ಎದುರಿಗೆ ಕಡಲಿನ ಕಡೆಯ ಬಾಗಿಲು ಎಂದೋ ಮುರಿದುಹೋಗಿ ಬರೀ ಕಮಾನು ಉಳಿದಿತ್ತು. ಈ ತುದಿಯಿಂದ ಆ ತುದಿಗೆ ಗಾಳಿ ರಾಜಬೀದಿಯಲ್ಲಿ ಮೆರವಣಿಗೆ ಹೊರಟಂತೆ ಹೊರಟಿತ್ತು.

"ಯಾವ ಕತ್ತೆ ಇದನ್ನ ತೆಗೆದಿಟ್ಟಿದ್ದು? ಇಲ್ಲಿ ಮನುಷ್ಯರು ಕೂತಿಲ್ವಾ?" ಎಂದವಳೇ ಹಗ್ಗ ಬಿಚ್ಚಿದಳು. ಗಾಳಿ ಹಗ್ಗವನ್ನು ಕೈಯಿಂದ ಕಿತ್ತು ಗೋಡೆಯಾಚೆ ಒಯ್ದಿತು. ಬಾಗಿಲು ಧಡಾರನೆ ಬಿತ್ತು. ಪಿಯೆರಿನಾ ಅಗಳಿ ಹಾಕಿದಳು.

ಸುತ್ತಲ ನಾಲ್ಕು ಸಾಲು ಒಟ್ಟಿಗೆ ನಿಟ್ಟುಸಿರಿಟ್ಟಿತು. "ನೂರು ವರ್ಷ ಬಾಳಿ, ಶ್ಯೋರ ಪಿಯೆರಿನಾ! ನನ್ನ ಕಿಡ್ನಿ ಉಳಿಸಿದ್ರಿ" ಎಂದ, ನಿವೆಸ್ ಹೆಸರಿನ ಬಾವುಟ ಹಿಡಿದಿದ್ದ ದಢೂತಿ ಮನುಷ್ಯ. ಶ್ಯೋರ ಅಂದರೆ ಆ ಊರಿನಲ್ಲಿ ಅಮ್ಮಾವ್ರು. ಯೆಲ್ಕಾ ಕೂಡ ಕೆಳಗಿನ ಸಾಲಿನಿಂದ ತಿರುಗಿ, "ಒಂದಾದ್ರೂ ಒಳ್ಳೇ ಕೆಲ್ಸ ಮಾಡಿದೆ" ಎಂದಳು. ಪಿಯೆರಿನಾ ದಿಂಬಿನ ಮೇಲೆ ಮಹಾರಾಣಿಯಂತೆ ಕೂತಳು.

ಅಂಗಳದಲ್ಲಿ ಗಾಳಿ ಸತ್ತಿತು. ನಿವೆಸ್‌ಳ ಆಟವೂ ಸತ್ತಿತು.

ಎಲಿಷ್ಕಾಳ ಸರ್ವ್ ಈಗ ನೆಟ್ಟಗೆ ಹೋಗುತ್ತಿತ್ತು, ಹೋಗುವುದೇನು, ಸಿಡಿಯುತ್ತಿತ್ತು. ಚೆಂಡು ಬಂದದ್ದು ಗೊತ್ತಾಗುತ್ತಿದ್ದದ್ದು ಹಿಂದಿನ ಗೋಡೆಗೆ ಬಡಿದ ಸದ್ದಿನಿಂದ. ಎರಡನೆಯ ಸೆಟ್ ಹೋಯಿತು. ಮೂರನೆಯದರಲ್ಲೂ ಮೂರು ಗೇಮ್ ಹಾಗೆಯೇ ಹೋದವು.

"ಏನಾಯ್ತು ಇವಳಿಗೆ?" ಎಂದ ಬಾವುಟದವನು.

"ವಯಸ್ಸಾಯ್ತು, ಇನ್ನೇನಾಗ್ಬೇಕು?" ಎಂದಳು ಯೆಲ್ಕಾ.

"ಏಯ್, ನಿನ್ನ ಕಾಫಿಗಿಂತ ಬಿಸಿಯಾಗಿದಾಳೆ ಕಣೇ ಇನ್ನೂ!" ಎಂದಳು ಪಿಯೆರಿನಾ. ಆದರೆ ದಿಂಬಿನ ಮೇಲಿಂದ ಮುಂದಕ್ಕೆ ಜರುಗಿ ಕೂತಳು. ಕಪ್ಪುಗಳ ಜೊತೆ ಬಂದ ನೋವುಗಳನ್ನೆಲ್ಲ ಅವಳು ಕೈಯಾರೆ ಎಣ್ಣೆ ಹಚ್ಚಿ ತಿಕ್ಕಿದ್ದಳು. ಸೋಲು ಮಗಳ ಮೈಯಲ್ಲಿ ಇಳಿಯುವುದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಇದಕ್ಕೆ ಯಾವ ಎಣ್ಣೆ?

ಅಷ್ಟರಲ್ಲಿ ಬಾರ್ಬ ಫ್ರಾನೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ನಿವೆಸ್ ಕೈಗೆ ಮೊದಲ ರ‍್ಯಾಕೆಟ್ ಕೊಟ್ಟವನೇ ಈ ಮುದುಕ. ಊರಿಗೆಲ್ಲ ಬಾರ್ಬ, ಅಂದರೆ ಚಿಕ್ಕಪ್ಪ.

"ಈ ಬಾಗಿಲು ಹಾಕಿದ್ದು ನೀನೇ ತಾನೆ?"

"ನಾನೇ. ಥ್ಯಾಂಕ್ಸ್ ಹೇಳೋಕೆ ಬಂದ್ಯಾ?"

"ನಿನ್ನ ಮಗಳನ್ನ ನೀನೇ ಸೋಲಿಸ್ತಿದೀಯಾ ಅಂತ ಹೇಳೋಕೆ ಬಂದೆ."

ಪಿಯೆರಿನಾ ಕೈ ಚಾಚಿ ಅಗಳಿ ಹಿಡಿದುಕೊಂಡಳು. 

"ನೋಡಮ್ಮ," ಎಂದ ಫ್ರಾನೆ, "ಅವಳು ಆಟ ಕಲಿತದ್ದೇ ಈ ಬಾಗಿಲ ಗಾಳೀಲಿ. ಬುರಾ ಒಂದೇ ಸಮ ಬೀಸಲ್ಲ, ಉಸಿರು ಎಳ್ಕೋತದೆ, ಬಿಡ್ತದೆ. ಎಳ್ಕೊಂಡಾಗ ಇವಳು ಹೊಡೀತಾಳೆ. ಬಿಟ್ಟಾಗ ಗಾಳಿಗೇ ಕೆಲ್ಸ ಕೊಡ್ತಾಳೆ. ಗಾಳಿ ಇಬ್ರಿಗೂ ಕಷ್ಟಾನೇ. ಇವಳಿಗೆ ಅದು ಪಳಗಿದ ಕಷ್ಟ. ಅಂಪೈರನ್ನೂ ಕೇಳ್ದೆ. 'ಬಾಗಿಲು ನಿಮ್ಮೂರಿಂದು. ತೆಗೆದ್ರೆ ತೆಗೆದೇ ಇರ್ಲಿ, ಹಾಕಿದ್ರೆ ಹಾಕೇ ಇರ್ಲಿ. ಆಟದ ಮಧ್ಯೆ ಪಟಪಟ ಅನ್ನಿಸ್ಬೇಡಿ' ಅಂದ."

"ಮತ್ತೆ ತೆಗಿ! ನನ್ನ ಮುಖ ಏನು ನೋಡ್ತೀಯಾ?"

"ಹಗ್ಗ ಎಲ್ಲಿ?"

ಹಗ್ಗ ಅಷ್ಟು ಹೊತ್ತಿಗೆ ಕಡಲಾಚೆಯ ಇಟಲಿಯ ದಾರಿ ಹಿಡಿದಿತ್ತು. ಬಾಗಿಲು ತೆರೆದಿರಬೇಕಾದರೆ ಯಾರಾದರೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಆಟ ಮುಗಿಯುವವರೆಗೆ, ಅಡ್ಡಗಾಳಿಯ ನಟ್ಟನಡುವೆ.

ಫ್ರಾನೆ ಸೊಂಟ ಮುಟ್ಟಿಕೊಂಡ. "ನನ್ನ ಸೊಂಟದ ವಿಷ್ಯ ನಿಂಗೆ ಗೊತ್ತಲ್ಲ..."

ಬಾವುಟದವನ ಕಡೆ ನೋಡಿದರು. ನಿವೆಸ್‌ಗಾಗಿ ಪ್ರಾಣ ಕೊಡುತ್ತೇನೆ ಎಂದು ಬೆಳಿಗ್ಗೆಯಿಂದ ಕೂಗುತ್ತಿದ್ದವನು ಈಗ ಬಾವುಟದ ಹಿಂದೆ ಮಾಯವಾಗಿದ್ದ. ಪ್ರಾಣ ಬೇರೆ, ಕಿಡ್ನಿ ಬೇರೆ.

"ಅವಳಿಗೆ ಗೊತ್ತಾ?" ಎಂದಳು ಪಿಯೆರಿನಾ ಮೆಲ್ಲಗೆ. "ಬಾಗಿಲು ಹಾಕಿದ್ದು ನಾನು ಅಂತ?"

"ಕೇಳಿದ್ಲು, ಹೇಳ್ದೆ. 'ಅಮ್ಮ ಬಂದಿದಾಳಲ್ಲ, ಸಾಕು. ಹಾಗೇ ಇರ್ಲಿ ಬಿಡು' ಅಂದ್ಲು."

ಪಿಯೆರಿನಾ ಕೆಳಗೆ ನೋಡಿದಳು. ನಿವೆಸ್ ಬೆಂಚಿನ ಮೇಲೆ ಕೂತಿದ್ದಳು. ಟವೆಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು, ಅಮ್ಮ ಕಲಿಸಿದ ಹಾಗೇ, ಒಂದಿಷ್ಟೂ ಸಂದಿಲ್ಲದೆ.

ಪಿಯೆರಿನಾ ಎದ್ದಳು. ಎರಡೂ ಶಾಲು ಬಿಗಿದಳು. ಕಾಯಿಲೆಯಿಂದ ಕಾಯುವ ಸಂತ ರೋಕೊನನ್ನು ನೆನೆದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಅಗಳಿ ತೆಗೆದು, ಬಾಗಿಲನ್ನು ಗೋಡೆಗೆ ಒತ್ತಿ, ಬೆನ್ನು ಕೊಟ್ಟು ನಿಂತಳು.

ಬುರಾ ಒಳನುಗ್ಗಿತು. ಕೊನೆಯ ಸಾಲು ಚೀರಿತು. "ಅಯ್ಯೋ, ಹುಚ್ಚು ಹಿಡೀತಾ? ಶ್ಯೋರ ಪಿಯೆರಿನಾ, ನಿಮ್ಮ ವಯಸ್ಸೇನು, ಈ ಸಾಹಸ ಏನು? ಹಾಕ್ರೀ ಬಾಗಿಲು!"

"ಹತ್ರ ಬಂದವನ ಕಿವಿ ಕಿತ್ತು ಬೆಕ್ಕಿಗೆ ಹಾಕ್ತೀನಿ!" ಎಂದಳು ಪಿಯೆರಿನಾ.

ಕೆಳಗೆ ನಿವೆಸ್‌ಳ ಲಂಗ ಪಟಪಟಿಸಿತು. ಅವಳು ತಲೆಯೆತ್ತಿದಳು. ಬಾಗಿಲಲ್ಲಿ, ಲೋಕದ ಸಮಸ್ತ ಅಡ್ಡಗಾಳಿಗೆ ಎದೆಯಲ್ಲದಿದ್ದರೂ ಬೆನ್ನೊಡ್ಡಿ ನಿಂತ ಅಮ್ಮನನ್ನು ಕಂಡಳು. ಎರಡು ಗಳಿಗೆ ಕಣ್ಣು ಕೀಳಲಿಲ್ಲ. ಆಮೇಲೆ ಟವೆಲು ಬಿಚ್ಚಿ ಎಸೆದು ಅಂಕಣಕ್ಕೆ ಇಳಿದಳು.

ಅಲ್ಲಿಂದ ಮುಂದೆ ಆದದ್ದನ್ನು ಲುಚಿತ್ಸದವರು ಇನ್ನೂ ಹೇಳುತ್ತಾರೆ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಹಾಗೆ ತೂರಿದಳು ನಿವೆಸ್. ಬುರಾ ಉಸಿರೆಳೆದುಕೊಂಡ ಚಣದಲ್ಲಿ ಮೂಲೆಗೆ ಹೊಡೆದಳು, ಉಸಿರು ಬಿಟ್ಟಾಗ ಚೆಂಡನ್ನು ಸುಮ್ಮನೆ ಮೇಲೆತ್ತಿ ಗಾಳಿಯ ಕೈಗೆ ಕೊಟ್ಟಳು. ದೀಪಸ್ತಂಭದಂಥ ಹುಡುಗಿ ಬೀಸಿದ ರ‍್ಯಾಕೆಟ್ಟಿಗೆ ಬರೀ ಗಾಳಿ ಸಿಕ್ಕಿತು. ಒಂದು ಗೇಮ್ ಬಂತು, ಇನ್ನೊಂದು ಬಂತು, ಮೂರನೆಯದೂ ಬಂದು ಸೆಟ್ ಸಮವಾಯಿತು. ಎಲಿಷ್ಕಾಳೂ ಸುಲಭದವಳಲ್ಲ, ಮತ್ತೆ ಮುಂದೆ ಹೋದಳು. ನಿವೆಸ್ ಮತ್ತೆ ಹಿಡಿದಳು.

 ಬಾಗಿಲು ಇಂಚಿಂಚೇ ಪಿಯೆರಿನಾಳನ್ನು ಮುಂದಕ್ಕೆ ದೂಡುತ್ತಿತ್ತು. ಆಗ ಕೆಳಗಿನ ಸಾಲಿನಿಂದ ಯೆಲ್ಕಾ ಎದ್ದು ಬಂದಳು. ತಲೆವಸ್ತ್ರವನ್ನು ಗಲ್ಲದ ಕೆಳಗೆ ಗಂಟು ಹಾಕಿಕೊಂಡು, "ಸರ್ಕೋ ಸ್ವಲ್ಪ" ಎಂದಳು.

"ನಿಂಗ್ಯಾಕೆ ಬೇಕಿತ್ತು?"

"ನೀನೊಬ್ಳೇ ಸತ್ರೆ ಊರು ನನ್ನನ್ನ ಬೈಯತ್ತೆ. ಸರ್ಕೋ ಅಂದೆ."

ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಂತರು. ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು? ಬಾವುಟದವನು ನಾಚಿಕೆಯಾಗಿ ತನ್ನ ಬಾವುಟ ತಂದು ಇಬ್ಬರಿಗೂ ಹೊದಿಸಿದ, ಹೊದಿಸಿ ತಕ್ಷಣ ಓಡಿಹೋದ.

ಗೆಲುವಿಗೆ ಒಂದೇ ಪಾಯಿಂಟ್ ಉಳಿದಾಗ ನಿವೆಸ್ ಕಡಲಿನ ತುದಿಯಲ್ಲಿದ್ದಳು, ಗಾಳಿಗೆ ಎದುರು. ಎಲಿಷ್ಕಾ ಬಲವಾಗಿ ಹೊಡೆದಳು. ನಿವೆಸ್ ಓಡಿ ಬಂದು, ಚೆಂಡಿನ ಅಡಿಗೆ ರ‍್ಯಾಕೆಟ್ ಸವರಿ, ನೆಟ್ಟಿನ ಆಚೆಗೆ ಮೆತ್ತಗೆ ಎತ್ತಿ ಹಾಕಿದಳು. ಅದು ಎಲಿಷ್ಕಾಳ ಕಡೆ ನೆಲ ಮುಟ್ಟಿ ಪುಟಿಯಿತು. ಅದೇ ಗಳಿಗೆಗೆ ಬುರಾ ಉಸಿರು ಬಿಟ್ಟಿತು. ಚೆಂಡು ಗಾಳಿಯಲ್ಲೇ ಹಿಂದಕ್ಕೆ ತಿರುಗಿ, ಎಲಿಷ್ಕಾ ತಲುಪುವ ಮೊದಲೇ ನೆಟ್ ದಾಟಿ, ಹಟ್ಟಿಗೆ ಮರಳುವ ಕರುವಿನಂತೆ ನಿವೆಸ್‌ಳ ಕಡೆಗೇ ಬಂದು ಎರಡನೆಯ ಸಲ ನೆಲ ಮುಟ್ಟಿತು. ಅಂಪೈರ್ ಕೈ ಎತ್ತಿ ಪಂದ್ಯ ಮುಗಿಯಿತು ಎಂದ. ಅವಳು ಕೈ ಚಾಚಿ ಚೆಂಡನ್ನು ಹಿಡಿದುಕೊಂಡಳು.

ಆ ಕೂಗಿಗೆ ಬಂದರಿನ ದೋಣಿಗಳು ಅಲುಗಿದವು. ಅಗ್ನಿಶಾಮಕದವರ ತೆರೆದ ಲಾರಿಯಲ್ಲಿ ನಿವೆಸ್, ಕಪ್ಪು, ಬಾವುಟದಲ್ಲಿ ಸುತ್ತಿದ ಇಬ್ಬರು ಹೆಂಗಸರು, ಎಲ್ಲರನ್ನೂ ನಿಲ್ಲಿಸಿ ಮೆರವಣಿಗೆ ಮಾಡಿದರು. ದೊಂದಿಗಳು ಹೊತ್ತಿದವು. ಎಲಿಷ್ಕಾಗೂ ಒಂದು ಲೋಟ ವೈನ್ ಸಿಕ್ಕಿತು. ಅವಳು ನಗುತ್ತ ಪಿಯೆರಿನಾಳನ್ನು ತೋರಿಸಿ, "ನಾನು ಸೋತದ್ದು ಆ ಅಜ್ಜಿಗೆ" ಎಂದಳಂತೆ.

ಮರುದಿನ ಬೆಳಿಗ್ಗೆ ಪಿಯೆರಿನಾ ಎಚ್ಚರವಾಗಿ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದಳು. ತಿರುಗಿತು. ಬಲಕ್ಕೆ ತಿರುಗಿಸಿದಳು. ತಿರುಗಿತು. ಸೊಂಟ ಮುಟ್ಟಿ ನೋಡಿದಳು, ಕಿವಿ ಎಳೆದು ನೋಡಿದಳು. ಎಲ್ಲೂ ಏನೂ ಇಲ್ಲ. ಅವಳಿಗೆ ಗಾಬರಿಯಾಯಿತು.

"ನಿವೆಸ್! ಬಾಗ್ಲಲ್ಲಿ ಯಾರಿದಾರೆ?"

"ಇಡೀ ಓಣಿ ಇದೆ ಅಮ್ಮಾ. ಕೋಳಿ ಸೂಪು, ಗಿಡಮೂಲಿಕೆ ಬ್ರಾಂದಿ, ಬಿಸಿ ಇಟ್ಟಿಗೆ ಎಲ್ಲಾ ತಂದಿದಾರೆ. ನಿನ್ನ ಸ್ಥಿತಿ ಹೇಗಿದೆ ಅಂತ ಕೇಳ್ತಿದಾರೆ. ಹೇಗಿದೀಯಾ?"

"ಚೆನ್ನಾಗಿದೀನಿ ಕಣೇ. ಅದೇ ಕಷ್ಟ."

ನಿವೆಸ್ ಅಮ್ಮನ ಮುಖ ನೋಡಿದಳು. ಏನೂ ಆಗಿಲ್ಲವೆಂದರೆ ನಿನ್ನೆಯ ತ್ಯಾಗದ ಬೆಲೆ ಏನು? ಅಡ್ಡಗಾಳಿಯ ಮರ್ಯಾದೆ ಏನಾಗಬೇಕು? ಅವಳು ಶಾಲು ತಂದು ಅಮ್ಮನ ಕುತ್ತಿಗೆಗೆ ಬಿಗಿದಳು, ಹೊದಿಕೆ ಗಲ್ಲದವರೆಗೆ ಎಳೆದಳು, ಆಮೇಲೆ ಬಾಗಿಲು ತೆರೆದಳು.

ಓಣಿ ಒಳಬಂತು. ಪಿಯೆರಿನಾ ನರಳಿದಳು. ಎಲ್ಲರಿಗಿಂತ ಹಿಂದೆ ಯೆಲ್ಕಾ ಕುತ್ತಿಗೆಯನ್ನು ಓರೆಯಾಗಿ ಹಿಡಿದು ಕುಂಟುತ್ತ ಬಂದಳು. "ನಂದು ಒಂದು ಕಡೆಗೂ ತಿರುಗ್ತಿಲ್ಲ" ಎಂದಳು ಹೆಮ್ಮೆಯಿಂದ.

"ನಂಗೆ ರೆಪ್ಪೆ ತಿರುಗಿಸೋಕೂ ಆಗ್ತಿಲ್ಲ" ಎಂದಳು ಪಿಯೆರಿನಾ ಕ್ಷೀಣ ಸ್ವರದಲ್ಲಿ.

"ಪಾಪ, ಮಾತಾಡ್ಬೇಡಿ," ಎಂದ ಬಾವುಟದವನು. "ಒಂದೇ ಒಂದು ಹೇಳಿ. ಬಾಗಿಲ ಹತ್ರ ನಿಂತವರಿಗೆ ಎಲ್ಲಾ ಚೆನ್ನಾಗಿ ಕಂಡಿರತ್ತೆ. ಆ ಕೊನೇ ಚೆಂಡು ಬಿದ್ದದ್ದೆಲ್ಲಿ? ನಾನು ಕಣ್ಣು ಮುಚ್ಕೊಂಡಿದ್ದೆ."

"ಅದಾ?" ಪಿಯೆರಿನಾಳ ಒಂದು ಕೈ ಹೊದಿಕೆಯಿಂದ ಹೊರಬಂತು. "ಅವಳು ಅಲ್ಲಿಂದ ಓಡಿ ಬಂದ್ಲು..." ಇನ್ನೊಂದು ಕೈಯೂ ಬಂತು. "ಚೆಂಡು ಇಷ್ಟು ಕೆಳಗಿತ್ತು... ಇರಿ, ಹಾಗಲ್ಲ, ಆ ಸೌಟು ಕೊಡಿ ಇಲ್ಲಿ!"

ಹೊದಿಕೆ ನೆಲಕ್ಕೆ ಬಿತ್ತು, ಶಾಲು ಮೂಲೆಗೆ ಹಾರಿತು. ಪಿಯೆರಿನಾ ಸೌಟು ಹಿಡಿದು ಹಾಸಿಗೆಯ ಮೇಲೆ ಎದ್ದು ನಿಂತಳು. ಮಂಡಿ ಬಗ್ಗಿಸಿದಳು, ಸೊಂಟ ತಿರುಗಿಸಿದಳು, ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿದಳು.

"ಕಾಯಿಲೆಯೋಳು ಮಲ್ಕೋಬೇಕು ಕಣೇ!" ಎಂದು ಯೆಲ್ಕಾ ಕೂಗಿದಳು. ಯಾರೂ ಕೇಳಲಿಲ್ಲ. ಬಾಗಿಲಿಗೆ ಒರಗಿ ನಿವೆಸ್ ಬಿದ್ದು ಬಿದ್ದು ನಗುತ್ತಿದ್ದಳು.

"ಸುಮ್ನಿರಿ ಎಲ್ರೂ! ಹೀಗೆ ಸವರಿದ್ಲು ನನ್ನ ಮಗಳು. ನಾನು ನೋಡ್ದೆ. ಈ ಎರಡು ಕಣ್ಣಲ್ಲಿ ನೋಡ್ದೆ. ಇನ್ನೊಂದ್ಸಲ ತೋರಿಸ್ತೀನಿ, ಆ ದೀಪ ಸ್ವಲ್ಪ ಪಕ್ಕಕ್ಕಿಡಿ!"