ಶಬ್ದ ಬರುವ ಮೊದಲೇ ಎತ್ತಿದ ಕೈ

ಆ ಹುಡುಗಿ ಯಾಕೆ ಕೈ ಎತ್ತಿದಳು, ಶಬ್ದವನ್ನು ಇನ್ನೂ ಬಿಟ್ಟೇ ಇಲ್ಲವಲ್ಲ — ಇಲ್ಲ ಪುಟ್ಟಿ, ಕೈ ಇಳಿಸು, ಶುರುವಾಗಿಲ್ಲ ಎಂದು ಮಧುಮತಿ ಸನ್ನೆ ಮಾಡಿದಳು, ಏಳು ವರ್ಷದ್ದು, ಅರ್ಧ ಮುಖ ಮುಚ್ಚುವ ಹೆಡ್‌ಫೋನು, ನಗುತ್ತಾ ಇಳಿಸಿತು, ಕುಮಾರಸ್ವಾಮಿ ಲೇಔಟ್‌ನ ಈ ಶಾಲೆಯಲ್ಲಿ ಬೆಳಿಗ್ಗೆಯಿಂದ ಹದಿನಾಲ್ಕು ಮಕ್ಕಳು ಕಿವಿ ಪರೀಕ್ಷೆಗೆ ಕಾದು ಕೂತಿವೆ, ಒಂದು ಗಂಟೆಗೆ ಡಾಕ್ಟರ್ ಹೊರಡುತ್ತಾರೆ, ಇವತ್ತು ತಪ್ಪಿದರೆ ಇನ್ನಾರು ತಿಂಗಳು ಶ್ರವಣಯಂತ್ರ ಇಲ್ಲ, ಹನ್ನೆರಡೂಕಾಲು ಆಯಿತು, ಹಳೆಯದು ಕೆಟ್ಟಿತೆಂದು ಆಫೀಸಿನವರು ಕೊಟ್ಟ ಈ ಹೊಸ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಒಂದೇ ರಾಗ ಎಳೆಯುತ್ತಿದೆ, ನಂಪೈ ಸಿಗಲಿಲ್ಲ, ನಂಪೈ ಸಿಗಲಿಲ್ಲ. ಏನಮ್ಮಾ, ಆಗತ್ತೋ ಇಲ್ವೋ, ಡಾಕ್ಟರ್ ಕಮಲಾದೇವಿಯವರು ಮೂರನೇ ಸಲ ಕೇಳುತ್ತಿದ್ದಾರೆ, ಹತ್ತು ನಿಮಿಷ ಮೇಡಂ ಎಂದಳು ಮಧುಮತಿ.

ಹತ್ತು ನಿಮಿಷವಂತೆ, ತನ್ನ ಮಾತಿಗೇ ಮೈಯೆಲ್ಲ ಉರಿಯಿತು, ಈ ಪರೀಕ್ಷೆಯ ಸಾಫ್ಟ್‌ವೇರಿನಲ್ಲಿ ಶಬ್ದ ಅಳೆಯುವ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಪೈಥಾನ್ ಪ್ಯಾಕೇಜಿನೊಳಗೆ ಕೂರಿಸಿದವಳು ಅವಳೇ, ಈ ಕಂಪ್ಯೂಟರಿನ ಚಿಪ್ ಬೇರೆ, ಮೊದಲೇ ಕಟ್ಟಿಟ್ಟದ್ದು ಇದಕ್ಕೆ ಒಗ್ಗುವುದಿಲ್ಲ, ಇಲ್ಲೇ ಕಂಪೈಲ್ ಆಗಬೇಕು, ಈ ಚಿಪ್‌ಗೆ ತಿಳಿಯುವ ಭಾಷೆಗೆ ತಿರುಗಬೇಕು, ಲೆಕ್ಕಾಚಾರಕ್ಕೆ ಬೇಕಾದ ಆ ನಂಪೈ ಪ್ಯಾಕೇಜನ್ನು ಬೇರೆಯಾಗಿ ಹಾಕಿದರೂ ಪ್ರಯೋಜನವಿಲ್ಲ, ಕಂಪೈಲ್ ನಡೆಯುವುದು ಕಂಪ್ಯೂಟರಿನೊಳಗೇ ಇರುವ ಒಂದು ಖಾಲಿ ಕೋಣೆಯಲ್ಲಿ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಒಳಗೆ ಪ್ರವೇಶ, ಆ ಪಟ್ಟಿಯಲ್ಲಿ ನಂಪೈ ಸಾಲು ಇತ್ತು, ಈಗಿಲ್ಲ. ನನ್ ಮಷೀನಲ್ಲಿ ಬಿಲ್ಡ್ ಆಗ್ತಿದೆಯಲ್ಲ ಮಧು ಎಂದ ಫೋನಿನಲ್ಲಿ ಅವಳ ತಂಡದ ನಂದಕುಮಾರ್, ಜೆ.ಪಿ. ನಗರದ ಆಫೀಸಿನಲ್ಲಿ ಎಸಿ ಕೆಳಗೆ ಕೂತು, ಆಗದೆ ಏನು, ನೆಟ್ ನಿಧಾನ ಎಂದು ಆ ಖಾಲಿ ಕೋಣೆಯನ್ನೇ ಬಂದ್ ಮಾಡಿ ಕಟ್ಟುವ ಚಾಳಿ ಅವನದು, ನಂಪೈ ಸೇರಿ ಎಲ್ಲವೂ ಅವನ ಮಷೀನಿನಲ್ಲಿ ಮೊದಲೇ ಬಿದ್ದಿವೆ, ಆ ಸಾಲು ತೆಗೆದಿದ್ದು ನೀನಾ ಎಂದಳು, ಯಾವ ಸಾಲು ಗುರು, ಏನೋ ಕ್ಲೀನಪ್ ಮಾಡ್ದೆ ಅಷ್ಟೆ. ಅಷ್ಟೆಯಂತೆ. ಸಾಲನ್ನು ಮತ್ತೆ ಸೇರಿಸಿ ಕಂಪೈಲ್‌ಗೆ ಬಿಟ್ಟಳು, ಓಡಲಿ, ಅಷ್ಟರಲ್ಲಿ ಇವನ ಗ್ರಹಚಾರ ಬಿಡಿಸಬೇಕು, ಯಾರು, ಯಾವತ್ತು ತೆಗೆದದ್ದು ಎಂಬ ದಾಖಲೆಯನ್ನು ಬಾಸ್‌ಗೆ ಕಳಿಸಿಯೇ ತೀರಬೇಕು, ಮೊಬೈಲಿನಲ್ಲಿ ತೆರೆದಳು, ಸಿಕ್ಕಿತು, ಅಳಿಸಿದ ಸಾಲು ಕೆಂಪಗೆ, ಪಕ್ಕದಲ್ಲಿ ನಂದಕುಮಾರ್, ಕೆಳಗೆ ಹಸಿರು ಗುರುತು, ಓದಿ ಒಪ್ಪಿದವರು, ಮಧುಮತಿ.

ನೆನಪಾಯಿತು, ಕಳೆದ ಶುಕ್ರವಾರ ಸಂಜೆ ಆರೂವರೆ — ಬನಶಂಕರಿ ಬಸ್ ನಿಲ್ದಾಣ, ನಂದಕುಮಾರನ ಮೆಸೇಜು, ಒಂದ್ ಅಪ್ರೂವ್ ಒತ್ಬಿಡು ಮಧು, ವೀಕೆಂಡು, ಬಸ್ಸು ಬಂದೇಬಿಟ್ಟಿತು, ಒಂದು ಕೈಯಲ್ಲಿ ಚೀಲ, ಹೆಬ್ಬೆರಳಲ್ಲಿ ಒತ್ತಿದಳು, ಹಿಂದಿನ ವಾರ ಅವಳದನ್ನು ಅವನು ಹಾಗೇ ಒತ್ತಿದ್ದ, ಇವರದನ್ನು ಅವರು, ಅವರದನ್ನು ಇವರು, ತಂಡದಲ್ಲಿ ಎಲ್ಲರದೂ ಇದೇ, ಯಾರೂ ಓದುವುದಿಲ್ಲ, ಥೂ, ಬಾಯಿಗೆ ಬಂದ ಬೈಗುಳಕ್ಕೆ ಈಗ ಹೋಗಲು ಜಾಗವಿಲ್ಲ, ಬಂದ ದಾರಿಯಲ್ಲೇ ತಿರುಗಿ ಅವಳ ಎದೆಗೇ ಬಂದು ಕೂತಿತು, ಹನ್ನೆರಡೂ ಐವತ್ತು, ಕಂಪೈಲ್ ಇನ್ನೂ ಓಡುತ್ತಿದೆ, ಡಾಕ್ಟರ್ ಚೀಲದ ಜಿಪ್ ಎಳೆಯುತ್ತಿದ್ದಾರೆ, ಆ ಹುಡುಗಿ ಮತ್ತೆ ಕೈ ಎತ್ತಿದ್ದಾಳೆ, ಎಲ್ಲರೂ ಕಾಯುತ್ತಿರುವುದು ಇದಕ್ಕೇ ಎಂಬಂತೆ ಎಲ್ಲರ ಮುಖವನ್ನೂ ನೋಡಿಕೊಂಡು, ಡಾಕ್ಟರರ ಸಹಾಯಕ ದಿನೇಶ್ ಪೆನ್ನು ತೆರೆದು ಪಟ್ಟಿಯ ಮೇಲೆ ಬಗ್ಗಿದ್ದಾನೆ, ಕೈ ಎತ್ತಿದ್ಲಲ್ಲ ಮೇಡಂ, ಕೇಳಿಸ್ತು ಅಂತ ಟಿಕ್ ಹಾಕ್ಲಾ, ಓದದೆ ಒತ್ತಿದ ಇನ್ನೊಂದು ಗುರುತು, ಅದು ಬಿದ್ದರೆ ಅವಳಿಗೆ ಶ್ರವಣಯಂತ್ರ ಇಲ್ಲ, ಬೇಡ, ಹಾಕ್ಬೇಡಿ ಎಂದಳು ಮಧುಮತಿ, ನಾನಿನ್ನೂ ಶಬ್ದ ಬಿಟ್ಟೇ ಇಲ್ಲ, ಏನೂ ಕೇಳಿಸಿಲ್ಲ ಅವಳಿಗೆ — ಪೆನ್ನು ನಿಂತಿತು, ಆ ಕೈ ಮಾತ್ರ ಇಳಿಯಲಿಲ್ಲ, ಪುಟ್ಟ ಕೈ, ಐದು ಬೆರಳು, ಎತ್ತಿದ ಕೈ.