ಬೇಡ ಅಂದವರು ಯಾರು?

ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿರಲಿಲ್ಲ. ಎದೆಯ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ ಎಂದು ತಿಳಿದ ಮೇಲೂ ಆ ಗಂಟಲು ಇಳಿದಿರಲಿಲ್ಲ. ನಾಲ್ಕನೇ ಕೀಮೋದ ದಿನ ನರ ಸಿಗದೆ ಒದ್ದಾಡುತ್ತಿದ್ದ ನರ್ಸಿಗೆ, "ಹುಡುಕಮ್ಮಾ, ಟಿಕೆಟ್ ಇಲ್ದೆ ಸೀಟಿನಡಿ ಅವಿತುಕೊಂಡಿರುತ್ತೆ" ಎಂದಳು.

ನರ್ಸು ನಕ್ಕಳು. "ಆ ಇನ್ನೊಂದು ಔಷಧಿನೂ ಜೊತೆಗೆ ತಗೊಂಡಿದ್ರೆ ಚೆನ್ನಾಗಿತ್ತಕ್ಕಾ. ನೀವು ಬೇಡ ಅಂದ್ರಂತಲ್ಲ?"

"ಯಾವ ಔಷಧಿ?"

ನರ್ಸಿನ ಮುಖ ಬಿಳಿಚಿತು. ಇವಳೇ ಕೈ ಚಾಚಿ ಪಕ್ಕದಲ್ಲಿದ್ದ ತನ್ನ ಫೈಲು ಎಳೆದುಕೊಂಡಳು. ಕೀಮೋ ಜೊತೆ ಕೊಡಬೇಕಿದ್ದ ಔಷಧಿಯನ್ನು ನಿರಾಕರಿಸಿದ ಹಾಳೆ ಅದರಲ್ಲಿತ್ತು. ಕೆಳಗೆ ಗಂಡನ ಸಹಿ.

"ಸೂಜಿ ಆಮೇಲೆ. ಮೊದಲು ಡಾಕ್ಟರನ್ನ ಕರಿ. ಹೊರಗೆ ಕೂತಿರೋ ಮನುಷ್ಯನ್ನೂ ಕರಿ."

ಗಂಡ ಹಾಳೆಯನ್ನು ನೋಡಿದ್ದೇ ತಲೆ ತಗ್ಗಿಸಿದ. "ಅದು ಹೃದಯಕ್ಕೆ ತೊಂದರೆ ಮಾಡಬಹುದು ಅಂದ್ರು. ನಿನಗೆ ಹೇಳಿದ್ರೆ ಹೆದರ್ತೀಯ ಅಂತ..."

"ಹೃದಯ ನಂದು. ನನ್ನ ಕೇಳೋಕೆ ನಿನಗೆ ಬಾಯಿ ಇರ್ಲಿಲ್ವಾ?"

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಅವನಿಗೆ 'ನೀನು' ಅಂದದ್ದು ಅದೇ ಮೊದಲು.

"ನಿಮಗೆ ಎಲ್ಲಾ ಗೊತ್ತು ಅಂತ ನಿಮ್ಮ ಯಜಮಾನ್ರು ಅಂದ್ರು" ಎಂದರು ಡಾಕ್ಟರಮ್ಮ.

"ಇವರು ಸಹಿ ಹಾಕುವಾಗ ನಾನು ಗೋಡೆಯಾಚೆನೇ ಕೂತಿದ್ದೆ, ಡಾಕ್ಟ್ರೇ! ವಾಂತಿ ಮಾಡಿಕೊಂಡಿದ್ದು ನಾನು, ಕೂದಲು ಉದುರಿದ್ದು ನಂದು. ಸಹಿ ಮಾತ್ರ ಇವರದ್ದಾ?"

ಕೋಣೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತಿದ್ದವರೆಲ್ಲ ಇತ್ತ ತಿರುಗಿದರು. ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು.

"ತಪ್ಪು ನಂದೂ ಇದೆ. ಕೇಳಿ. ಕೀಮೋ ಒಳ್ಳೇದು ಕೆಟ್ಟದ್ದು ನೋಡದೆ ಹೊಡೆಯುತ್ತೆ. ಈ ಔಷಧಿ ನಿಮ್ಮ ಕ್ಯಾನ್ಸರ್ ಕಣದ ಮೇಲಿರೋ ಒಂದು ಗುರುತನ್ನೇ ಹಿಡಿಯುತ್ತೆ. ಎರಡೂ ಸೇರಿದ್ರೆ ರೋಗ ಇನ್ನಷ್ಟು ದಿನ ಹತೋಟಿಲಿರಬಹುದು. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ಹೃದಯದ ಪರೀಕ್ಷೆ ಆಗಾಗ ಮಾಡಲೇಬೇಕು."

"ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತಾ?"

ಡಾಕ್ಟರಮ್ಮ ಒಪ್ಪಿಗೆಯ ಹೊಸ ಹಾಳೆ ಮುಂದಿಟ್ಟರು. ಅವಳು ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಅದಕ್ಕೆ ತಾನೇ ಸಹಿ ಹಾಕಿದಳು. ಮರುದಿನದ ಪರೀಕ್ಷೆಯಲ್ಲಿ ಹೃದಯ ಗಟ್ಟಿಯಾಗಿಯೇ ಇತ್ತು. ಅದರ ಮರುದಿನದಿಂದ ಎರಡೂ ಔಷಧಿ ಒಟ್ಟಿಗೆ ಶುರುವಾದವು.

ಮೂರು ಸುತ್ತು ಮುಗಿಸಿ ಸ್ಕ್ಯಾನ್ ಮಾಡಿದಾಗ ಲಿವರ್‌ನ ಗಂಟುಗಳು ಅರ್ಧಕ್ಕಿಳಿದಿದ್ದವು. ಗಂಡ ಬಿಕ್ಕಿಬಿಕ್ಕಿ ಅತ್ತ. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.

"ಮೊದಲಿಂದಲೇ ಕೊಟ್ಟಿದ್ರೆ?" ಎಂದು ಡಾಕ್ಟರಮ್ಮನನ್ನು ಕೇಳಿದಳು.

"ಗೊತ್ತಿಲ್ಲ. ಸುಳ್ಳು ಹೇಳಲಾರೆ."

ಅವಳು ನೇರವಾಗಿ ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ನಡೆದಳು. ಎಚ್ಚರವಿರುವ ರೋಗಿಯನ್ನು ಕೇಳದೆ ಇನ್ನು ಯಾರ ಚಿಕಿತ್ಸೆಯನ್ನೂ ತಪ್ಪಿಸಕೂಡದು ಎಂದು ಮನೆಯಲ್ಲೇ ಬರೆದಿಟ್ಟಿದ್ದ ದೂರನ್ನು ಮೇಜಿನ ಮೇಲಿಟ್ಟಳು.

"ಇಟ್ಟು ಹೋಗಮ್ಮಾ, ನೋಡ್ತೀನಿ."

"ಈಗ್ಲೇ ಓದಿ, ಸ್ವಾಮಿ. ಓದಿ ಮುಗಿಸೋವರೆಗೂ ಇಲ್ಲೇ ನಿಂತಿರ್ತೀನಿ."

ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು.